ದುಬಾರಿ ನಗರಕ್ಕೆ ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿತೆಂಬ ಪತ್ರ ಕೈಗೆ ಬಂದ ಸಂಜೆ ಹೆಚ್ಚಿನವರು ಒಂದೇ ಬಗೆಯ ಲೆಕ್ಕ ಹಾಕುತ್ತಾರೆ. ಈಗಿನ ಸಂಬಳ ಇಷ್ಟು, ಅಲ್ಲಿ ಸಿಗುವುದು ಅಷ್ಟು. ಅಲ್ಲಿ ಎಲ್ಲವೂ ಒಂದೂವರೆ ಪಟ್ಟು ಎಂದಿಟ್ಟುಕೊಂಡರೂ ತಿಂಗಳ ಕೊನೆಗೆ ಇಷ್ಟು ಉಳಿಯುತ್ತದೆ. ಈ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪೇನೂ ಇರುವುದಿಲ್ಲ. ತಪ್ಪಿರುವುದು ‘ಎಲ್ಲವೂ’ ಎಂಬ ಪದದಲ್ಲಿ. ದುಬಾರಿ ನಗರದಲ್ಲೂ ಕೆಲವು ವಸ್ತುಗಳ ಬೆಲೆ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಕೆಲವು ಅಲ್ಪಸ್ವಲ್ಪ ಏರುತ್ತವೆ, ಒಂದೆರಡು ಮಾತ್ರ ಊಹೆಗೆ ನಿಲುಕದಷ್ಟು ಏರುತ್ತವೆ, ಮತ್ತು ಉಳಿದೆಲ್ಲ ಲೆಕ್ಕದ ಹಣೆಬರಹವನ್ನು ಆ ಒಂದೆರಡೇ ಬರೆಯುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಪಾಲಿಸಲು ಎಲ್ಲರೂ ಸಿದ್ಧರೇ. ಆದರೆ ಹೊಸ ನಗರಕ್ಕೆ ಹೊರಟವರಿಗೆ ಹಾಸಿಗೆಯ ಉದ್ದವೇ ತಿಳಿದಿರುವುದಿಲ್ಲ. ಅದನ್ನು ಅಳೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು, ಯಾವುದು ಏಕೆ ಏರುತ್ತದೆಂದು ತಿಳಿದಿರಬೇಕು. ಲಾರಿಯಲ್ಲೋ ಹಡಗಿನಲ್ಲೋ ಸಾಗಿಸಬಹುದಾದ ವಸ್ತು ಒಂದೂರಿನಲ್ಲಿ ತೀರಾ ದುಬಾರಿಯಾದರೆ ವ್ಯಾಪಾರಿಗಳು ಇನ್ನೊಂದೂರಿನಿಂದ ತಂದು ಮಾರುತ್ತಾರೆ; ಹೀಗಾಗಿ ಮೊಬೈಲ್, ಸೋಪು, ಸಿದ್ಧ ಉಡುಪು, ಪುಸ್ತಕ ಇಂಥವುಗಳ ಬೆಲೆಯಲ್ಲಿ ಊರಿಂದೂರಿಗೆ ಭಾರಿ ಅಂತರ ಉಳಿಯುವುದಿಲ್ಲ. ನೆಲವನ್ನು ಹಾಗೆ ಸಾಗಿಸಲು ಬರುವುದಿಲ್ಲ. ಮಾರುಕಟ್ಟೆಗೆ ಹತ್ತಿರವಾದಷ್ಟೂ ಜಮೀನಿನ ಗೇಣಿ ಏಕೆ ಏರುತ್ತದೆಂಬುದನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ಯೋಹಾನ್ ಹೈನ್ರಿಶ್ ಫಾನ್ ಥ್ಯೂನೆನ್ 1826ರಲ್ಲಿಯೇ ವಿವರಿಸಿದ್ದರು. ನಗರ ಯೋಜನೆಯ ತಜ್ಞ ವಿಲಿಯಂ ಅಲಾನ್ಸೊ 1964ರಲ್ಲಿ ಅದೇ ತರ್ಕವನ್ನು ಆಧುನಿಕ ನಗರಕ್ಕೆ ಅನ್ವಯಿಸಿ, ಉದ್ಯೋಗಗಳು ನೆರೆದಿರುವ ಕೇಂದ್ರಕ್ಕೆ ಸಮೀಪವಿರಲು ಜನರು ಪೈಪೋಟಿಯ ಮೇಲೆ ಹಣ ತೆರುವುದರಿಂದ ಬಾಡಿಗೆ ಏರುತ್ತದೆ, ದೂರ ಸರಿದಂತೆ ಪ್ರಯಾಣದ ವೆಚ್ಚ ಹೆಚ್ಚಿ ಬಾಡಿಗೆ ಇಳಿಯುತ್ತದೆ ಎಂದು ತೋರಿಸಿದರು. ಬಾಡಿಗೆಯೂ ಪ್ರಯಾಣವೂ ಒಂದೇ ನಾಣ್ಯದ ಎರಡು ಮುಖಗಳೆಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಇದರ ಲೆಕ್ಕ ಬರುತ್ತದೆ.

ಎರಡನೆಯದು ಮನುಷ್ಯರ ದುಡಿಮೆ. ಮನೆಗೆಲಸ, ಮಗುವಿನ ಆರೈಕೆ, ಕ್ಷೌರ, ರಿಪೇರಿ, ಹೊರಗಿನ ಊಟ, ಮನೆಪಾಠ, ವೈದ್ಯರ ಸಮಯ ಇವೆಲ್ಲವನ್ನೂ ಅಲ್ಲಿಯೇ ವಾಸಿಸುವ, ಅಲ್ಲಿನ ಬಾಡಿಗೆಯನ್ನೇ ಕಟ್ಟುವ ಜನರು ಒದಗಿಸಬೇಕು. ನಾಲ್ವರು ವಾದಕರ ಕೃತಿಯೊಂದನ್ನು ನುಡಿಸಲು ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ನಿಮಿಷ ಬೇಕಿತ್ತೋ ಇಂದಿಗೂ ಅಷ್ಟೇ ಬೇಕು, ಆದರೆ ಅವರ ಸಂಭಾವನೆ ಮಾತ್ರ ಉಳಿದ ಕ್ಷೇತ್ರಗಳ ಕೂಲಿಯ ಜೊತೆಗೆ ಏರಲೇಬೇಕು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ವಿವರಿಸಿದರು. ಹೆಚ್ಚು ಸಂಬಳದ ಉದ್ಯೋಗಗಳಿರುವ ನಗರದಲ್ಲಿ ಕೈಕೆಲಸದ ಸೇವೆಗಳೆಲ್ಲ ದುಬಾರಿಯಾಗುವುದಕ್ಕೆ ಇದೇ ಕಾರಣ. ಆದ್ದರಿಂದ ಈಗಿನ ಖರ್ಚಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಸಾಲಿನ ಎದುರೂ ಇದು ಸಾಗಿಸಬಹುದಾದ ಸರಕೋ, ನೆಲಕ್ಕೆ ಅಂಟಿದ್ದೋ, ಮನುಷ್ಯರ ಸಮಯವೋ ಎಂದು ಬರೆಯಿರಿ. ಮೊದಲ ಬಗೆಯದನ್ನು ಹೆಚ್ಚುಕಡಿಮೆ ಹಾಗೆಯೇ ಬಿಡಬಹುದು. ಉಳಿದೆರಡರ ಬೆಲೆಯನ್ನು ಹೊಸ ನಗರದಲ್ಲೇ ವಿಚಾರಿಸಬೇಕು, ಅಂದಾಜಿನಲ್ಲಿ ಗುಣಿಸಬಾರದು.

ಜಗತ್ತಿನ ದುಬಾರಿ ನಗರಗಳ ಪಟ್ಟಿಗಳು ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಮರ್ಸರ್ ಎಂಬ ಸಲಹಾ ಸಂಸ್ಥೆಯ ಸಮೀಕ್ಷೆ 200ಕ್ಕೂ ಹೆಚ್ಚು ವಸ್ತು ಮತ್ತು ಸೇವೆಗಳ ಬೆಲೆಯನ್ನು ನ್ಯೂಯಾರ್ಕ್ ನಗರದೊಂದಿಗೆ ಹೋಲಿಸುತ್ತದೆ, ಆದರೆ ಅದನ್ನು ರೂಪಿಸಿರುವುದು ಬಹುರಾಷ್ಟ್ರೀಯ ಕಂಪನಿಗಳು ವಿದೇಶಕ್ಕೆ ಕಳಿಸುವ ನೌಕರರ ಭತ್ಯೆಯನ್ನು ನಿಗದಿ ಮಾಡುವುದಕ್ಕಾಗಿ. ಆ ನೌಕರರ ಬುಟ್ಟಿಯೇ ಬೇರೆ, ಮನೆಯೇ ಬೇರೆ. ಪಟ್ಟಿಯಲ್ಲಿ ನಗರದ ಸ್ಥಾನ ನೋಡಿ ಹೆದರುವುದಾಗಲಿ ಧೈರ್ಯ ತಂದುಕೊಳ್ಳುವುದಾಗಲಿ ಬೇಡ.

ಇನ್ನು ಆದಾಯ. ಲೆಕ್ಕ ಶುರುವಾಗಬೇಕಾದದ್ದು ಪತ್ರದಲ್ಲಿ ಮುದ್ರಿಸಿದ ವಾರ್ಷಿಕ ಮೊತ್ತದಿಂದಲ್ಲ. ತೆರಿಗೆ, ವಿಮೆ, ಪಿಂಚಣಿ ಕಡಿತಗಳೆಲ್ಲ ಮುಗಿದು ಪ್ರತಿ ತಿಂಗಳೂ ಬ್ಯಾಂಕ್ ಖಾತೆಗೆ ಜಮೆಯಾಗುವ ಹಣದಿಂದ. ವರ್ಷದ ಕೊನೆಯ ಬೋನಸ್ ಅನ್ನು ತಿಂಗಳ ಆದಾಯಕ್ಕೆ ಸೇರಿಸುವುದು ದೊಡ್ಡ ತಪ್ಪು, ಏಕೆಂದರೆ ಬಾಡಿಗೆಗಾಗಿ ಬೋನಸ್ ಬರುವವರೆಗೆ ಯಾರೂ ಕಾಯುವುದಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಅಂಕಿಗಳೆಲ್ಲ ಹೀಗೆ ಕೈಗೆ ಬರುವ ತಿಂಗಳ ಸಂಬಳವನ್ನು 100 ಪಾಲು ಎಂದು ಇಟ್ಟುಕೊಂಡು ಹಾಕಿದವು. ಯಾವ ಊರಿನವರಾದರೂ ತಮ್ಮ ಹಣಕ್ಕೆ ಹೊಂದಿಸಿಕೊಳ್ಳಬಹುದು.

ಬಾಡಿಗೆ ಸಂಬಳದ 30 ಪಾಲು ಮೀರಬಾರದು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಪ್ರಕೃತಿ ನಿಯಮವೇನೂ ಅಲ್ಲ. ಅಮೆರಿಕದಲ್ಲಿ 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ತಿದ್ದುಪಡಿಯೊಂದು ಸರ್ಕಾರಿ ವಸತಿಯಲ್ಲಿರುವ ಬಡ ಕುಟುಂಬಗಳ ಬಾಡಿಗೆಯನ್ನು ಆದಾಯದ ಶೇಕಡಾ 25ಕ್ಕೆ ಮಿತಿಗೊಳಿಸಿತು. 1981ರಲ್ಲಿ ಆ ಮಿತಿಯನ್ನು ಶೇಕಡಾ 30ಕ್ಕೆ ಏರಿಸಲಾಯಿತು. ಒಂದು ದೇಶದ ಸರ್ಕಾರಿ ವಸತಿಗೆಂದು ಗೊತ್ತುಮಾಡಿದ ಅಂಕಿ ಕ್ರಮೇಣ ಎಲ್ಲರ ಬಾಯಲ್ಲೂ ನಿಯಮವಾಯಿತು. ಆದಾಯ ಕಡಿಮೆಯಾದಷ್ಟೂ ಬಾಡಿಗೆಯ ಪಾಲು ಹೆಚ್ಚುತ್ತದೆಂದು ಬರ್ಲಿನ್ ನಗರದ ಅಂಕಿಅಂಶಗಳಿಂದ ಸಂಖ್ಯಾಶಾಸ್ತ್ರಜ್ಞ ಹೆರ್ಮಾನ್ ಶ್ವಾಬೆ 1868ರಲ್ಲಿಯೇ ಕಂಡುಕೊಂಡಿದ್ದರು. ಎಂದರೆ ಒಂದೇ ಶೇಕಡಾವಾರು ಎಲ್ಲರಿಗೂ ಒಪ್ಪುವುದಿಲ್ಲ. ದೊಡ್ಡ ಸಂಬಳದವರು 45 ಪಾಲು ಬಾಡಿಗೆ ಕಟ್ಟಿದರೂ ಉಳಿದ 55ರಲ್ಲಿ ನೆಮ್ಮದಿಯಾಗಿ ಬದುಕಬಲ್ಲರು. ಸಣ್ಣ ಸಂಬಳದವರಿಗೆ 30 ಪಾಲೂ ಕುತ್ತಿಗೆಗೆ ಬರಬಹುದು. ನನಗೆ ಹೆಚ್ಚು ಸರಿಯೆನಿಸುವ ದಾರಿ ಹಿಂದಿನಿಂದ ಎಣಿಸುವುದು: ದಿನಸಿ, ಔಷಧ, ಫೋನು, ವಿದ್ಯುತ್ತು, ಸಾಲದ ಕಂತು, ಮನೆಯವರಿಗೆ ಕಳಿಸಲೇಬೇಕಾದ ಹಣ, ಒಂದಿಷ್ಟು ಉಳಿತಾಯ ಇವನ್ನು ಮೊದಲು ನಿಜವಾದ ಮೊತ್ತಗಳಲ್ಲಿ ಬರೆದು ಸಂಬಳದಿಂದ ಕಳೆಯಿರಿ. ಉಳಿದದ್ದೇ ಬಾಡಿಗೆಗೂ ಪ್ರಯಾಣಕ್ಕೂ ಸೇರಿ ನಿಮಗಿರುವ ಹಣ.

ಸೇರಿ ಎಂಬುದನ್ನು ಒತ್ತಿ ಹೇಳುತ್ತೇನೆ. ಶಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ವಸತಿ ಮತ್ತು ಸಾರಿಗೆ ಎರಡನ್ನೂ ಕೂಡಿಸಿ, ಒಟ್ಟು ಆದಾಯದ ಶೇಕಡಾ 45ರ ಒಳಗಿದ್ದರೆ ಮಾತ್ರ ಆ ಬಡಾವಣೆಯನ್ನು ಕೈಗೆಟಕುವಂಥದ್ದೆಂದು ಪರಿಗಣಿಸುತ್ತದೆ. ಬಾಡಿಗೆಯೊಂದನ್ನೇ ನೋಡಿದಾಗ ಅಗ್ಗವೆನಿಸಿದ ಬಡಾವಣೆಗಳು ಪ್ರಯಾಣ ಸೇರಿಸಿದ ಮೇಲೆ ಹಾಗೆ ಕಾಣದಿರಬಹುದು.

ಎರಡು ಮನೆಗಳನ್ನು ಹತ್ತಿರದಿಂದ ನೋಡೋಣ. ಒಂದು ಮನೆ ಕಚೇರಿಯಿಂದ ಅರ್ಧ ಗಂಟೆಯ ದೂರದಲ್ಲಿದೆ. ಬಾಡಿಗೆ 44 ಪಾಲು, ಪ್ರಯಾಣ 4 ಪಾಲು, ಒಟ್ಟು 48. ಇನ್ನೊಂದು ಒಂದೂವರೆ ಗಂಟೆಯ ದೂರದಲ್ಲಿದೆ; ಬಾಡಿಗೆ 30, ಪ್ರಯಾಣ 9, ಒಟ್ಟು 39. ಮೇಲ್ನೋಟಕ್ಕೆ ದೂರದ ಮನೆಯಲ್ಲಿ ತಿಂಗಳಿಗೆ 9 ಪಾಲು ಉಳಿಯುತ್ತದೆ. ಆದರೆ ಹೋಗಿ ಬರುವುದಕ್ಕೆ ದಿನಕ್ಕೆ ಎರಡು ಗಂಟೆ ಹೆಚ್ಚು ಬೇಕು, 22 ಕೆಲಸದ ದಿನಗಳಿಗೆ 44 ಗಂಟೆ. ಅದು ಒಂದು ವಾರದ ಪೂರ್ತಿ ದುಡಿಮೆಗಿಂತ ಹೆಚ್ಚು. ರಾತ್ರಿ ಒಂಬತ್ತಕ್ಕೆ ಬಾಗಿಲು ತೆರೆದವರಿಗೆ ಒಲೆ ಹಚ್ಚುವ ಮನಸ್ಸಾಗುವುದಿಲ್ಲ. ತಿಂಗಳಿಗೆ ಎಂಟು ಸಲ ಹೆಚ್ಚಾಗಿ ಹೊರಗಿನಿಂದ ಊಟ ತರಿಸಿಕೊಂಡರೆ, ಒಂದಕ್ಕೆ ಅರ್ಧ ಪಾಲಿನಂತೆ 4 ಪಾಲು ಹೋಯಿತು. ಉಳಿದದ್ದು 5. ಈಗ ಆ 5 ಪಾಲನ್ನು 44 ಗಂಟೆಗಳಿಗೆ ಹಂಚಿದರೆ ಗಂಟೆಗೆ 0.11 ಪಾಲು ಬರುತ್ತದೆ. ಅದೇ ವ್ಯಕ್ತಿ ಕಚೇರಿಯಲ್ಲಿ ತಿಂಗಳಿಗೆ 176 ಗಂಟೆ ದುಡಿದು 100 ಪಾಲು ಗಳಿಸುವಾಗ ಒಂದು ಗಂಟೆಗೆ ಸಿಗುವುದು ಸುಮಾರು 0.57 ಪಾಲು. ದೂರದ ಮನೆಯನ್ನು ಆರಿಸಿಕೊಂಡವರು ತಮ್ಮ ಬಿಡುವಿನ ಒಂದೊಂದು ಗಂಟೆಯನ್ನೂ ದುಡಿಮೆಯ ಗಂಟೆಯ ಐದನೆಯ ಒಂದು ಭಾಗದ ದರಕ್ಕೆ ಮಾರಿದಂತಾಯಿತು.

ಹಾಗೆಂದು ಹತ್ತಿರದ ಮನೆಯೇ ಸದಾ ಸರಿ ಎಂದು ನಾನು ಹೇಳುತ್ತಿಲ್ಲ. 48 ಪಾಲು ತೆತ್ತ ಮೇಲೆ ಉಳಿದ 52ರಲ್ಲಿ ಅಗತ್ಯಗಳೇ ತೀರದಿದ್ದರೆ ಬೇರೆ ದಾರಿಯಿಲ್ಲ, ಗಂಟೆಗಳನ್ನೇ ತೆರಬೇಕಾಗುತ್ತದೆ. ರೈಲಿನಲ್ಲಿ ಕುಳಿತು ಓದಲು ಆಗುವ ಒಂದೂವರೆ ಗಂಟೆಯೂ ನೂಕುನುಗ್ಗಲಿನಲ್ಲಿ ನಿಂತೇ ಕಳೆಯುವ ಒಂದೂವರೆ ಗಂಟೆಯೂ ಒಂದೇ ಅಲ್ಲ. ಸಾರಿಗೆ ತಜ್ಞ ಯಾಕೋವ್ ಝಹಾವಿಯವರ ಅಧ್ಯಯನಗಳನ್ನು ಮುಂದುವರಿಸಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ, ಊರು ಯಾವುದಾದರೂ ವಾಹನ ಯಾವುದಾದರೂ ಜನರು ದಿನಕ್ಕೆ ಸರಾಸರಿ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆಂದು ಪ್ರತಿಪಾದಿಸಿದರು. ಅದರ ಮೂರು ಪಟ್ಟು ಸಮಯವನ್ನು ವರ್ಷಗಟ್ಟಲೆ ಕೊಡಲು ತನ್ನಿಂದಾಗುತ್ತದೆಯೇ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲು, ಕಚೇರಿಗೆ ಹೋಗುವ ಹೊತ್ತಿನಲ್ಲೇ ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದು ಪರೀಕ್ಷಿಸಿಕೊಳ್ಳಬೇಕು. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದಾಗ ಕಂಡ ಇಪ್ಪತ್ತು ನಿಮಿಷದ ದಾರಿ ಸೋಮವಾರ ಬೆಳಿಗ್ಗೆ ಇರುವುದಿಲ್ಲ.

ಮನೆ ಹಂಚಿಕೊಳ್ಳುವುದು ಈ ಲೆಕ್ಕವನ್ನು ಎಲ್ಲಕ್ಕಿಂತ ಹೆಚ್ಚು ಸಡಿಲಿಸುವ ದಾರಿ, ಏಕೆಂದರೆ ಅಡುಗೆಮನೆ, ಇಂಟರ್‌ನೆಟ್, ಫ್ರಿಜ್ ಇವುಗಳ ಖರ್ಚು ತಲೆಗೆ ತಕ್ಕಂತೆ ಬೆಳೆಯುವುದಿಲ್ಲ. ಆದರೆ ಕರಾರಿನಲ್ಲಿ ಯಾರ ಹೆಸರಿದೆ, ಜೊತೆಗಾರರು ನಡುವೆ ಬಿಟ್ಟು ಹೋದರೆ ಅವರ ಪಾಲನ್ನು ಯಾರು ಕಟ್ಟಬೇಕು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಜಾಹೀರಾತಿನಲ್ಲಿ ಕಾಣುವ ಬಾಡಿಗೆಯ ಹೊರಗೆ ನಿರ್ವಹಣಾ ಶುಲ್ಕ, ನೀರು, ವಾಹನ ನಿಲುಗಡೆ, ಬಿಸಿಲು ಅಥವಾ ಚಳಿಗಾಲದ ವಿದ್ಯುತ್ ಬಿಲ್ಲು ಇರುತ್ತವೆ. ಈಗ ಆ ಮನೆಯಲ್ಲಿ ಇರುವವರನ್ನೇ ಕೇಳಿದರೆ ನಿಜವಾದ ಅಂಕಿ ಸಿಗುತ್ತದೆ.

ತಿಂಗಳ ಬಜೆಟ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜನರು ಮುಗ್ಗರಿಸುವುದು ಹೆಚ್ಚಾಗಿ ಮೊದಲ ಎರಡು ತಿಂಗಳುಗಳಲ್ಲಿ, ಮತ್ತು ಅದಕ್ಕೆ ಕಾರಣ ಹಣದ ಕೊರತೆಗಿಂತ ತಾರೀಖುಗಳ ಹೊಂದಾಣಿಕೆಯ ಕೊರತೆ. ಖರ್ಚೆಲ್ಲ ಮೊದಲು ಬರುತ್ತದೆ, ಸಂಬಳ ಕೊನೆಗೆ ಬರುತ್ತದೆ. ಮತ್ತೆ ಅದೇ ಪಾಲುಗಳಲ್ಲಿ ಹೇಳುವುದಾದರೆ, 35 ಪಾಲು ಬಾಡಿಗೆಯ ಮನೆಗೆ ಮೂರು ತಿಂಗಳ ಠೇವಣಿ ಕೇಳಿದರೆ 105; ಮೊದಲ ತಿಂಗಳ ಬಾಡಿಗೆ ಮುಂಗಡವಾಗಿ 35; ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯಷ್ಟು, ಅಂದರೆ ಇನ್ನೊಂದು 35; ಸಾಮಾನು ಸಾಗಿಸಲು 15; ಮನೆ ಸಿಗುವವರೆಗೆ ಎರಡು ವಾರ ತಾತ್ಕಾಲಿಕವಾಗಿ ಉಳಿಯಲು 25; ಹಾಸಿಗೆ, ಪಾತ್ರೆ, ಪರದೆ, ಬಲ್ಬು, ಬಕೆಟ್ಟು ಎಂದು 20; ಸಂಬಳ ಬರುವವರೆಗಿನ ದಿನನಿತ್ಯದ ಖರ್ಚು 45. ಕೂಡಿದರೆ 280. ಮೊದಲ ಸಂಬಳ ಮುಟ್ಟುವ ಮುನ್ನ ಸುಮಾರು ಮೂರು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿರಬೇಕೆಂದಾಯಿತು. ಠೇವಣಿ ಎಷ್ಟಿರಬೇಕು, ದಲ್ಲಾಳಿಯ ಶುಲ್ಕ ಯಾರು ಕೊಡಬೇಕು ಎಂಬುದು ಕಾನೂನಿಗೂ ನಗರಕ್ಕೂ ತಕ್ಕಂತೆ ಬದಲಾಗುತ್ತದೆ. ಆದರೆ ಈ ಪಟ್ಟಿಯನ್ನೇ ಬರೆಯದೆ ಹೊರಟವರು ಕೊರತೆಯನ್ನು ಕ್ರೆಡಿಟ್ ಕಾರ್ಡಿನಿಂದ ತುಂಬಿಸಿ, ಆ ಬಡ್ಡಿಯನ್ನು ವರ್ಷವಿಡೀ ತಿಂಗಳ ಬಜೆಟ್ಟಿನೊಳಗೆ ಹೊತ್ತು ತಿರುಗಬೇಕಾಗುತ್ತದೆ.

ಇದನ್ನು ತಪ್ಪಿಸಲು ಒಂದು ಹಾಳೆಯ ಎಡಕ್ಕೆ ತಾರೀಖುಗಳನ್ನೂ ನಡುವೆ ಆ ದಿನ ಹೊರಹೋಗುವ ಅಥವಾ ಒಳಬರುವ ಹಣವನ್ನೂ ಬಲಕ್ಕೆ ಕೈಯಲ್ಲಿ ಉಳಿಯುವ ಮೊತ್ತವನ್ನೂ ಬರೆಯುತ್ತಾ ಹೋಗಬೇಕು. ತಿಂಗಳ 18ಕ್ಕೆ ಕೆಲಸಕ್ಕೆ ಸೇರಿದವರಿಗೆ ಆ ತಿಂಗಳ ಸಂಬಳದ ಪಟ್ಟಿ ಆಗಲೇ ಮುಚ್ಚಿರಬಹುದು. ಹಾಗಾದರೆ ಮೊದಲ ಹಣ ಬರುವುದು ಮುಂದಿನ ತಿಂಗಳ ಕೊನೆಗೆ, ಎಂದರೆ ಸುಮಾರು ಆರು ವಾರಗಳ ನಂತರ. ಅಷ್ಟರಲ್ಲಿ ಎರಡನೆಯ ಬಾಡಿಗೆಯ ದಿನವೂ ಬಂದು ಹೋಗಿರುತ್ತದೆ. ಬಲಗಡೆಯ ಸಾಲಿನಲ್ಲಿ ಯಾವ ದಿನ ಮೊತ್ತ ಸೊನ್ನೆಗಿಂತ ಕೆಳಗಿಳಿಯುತ್ತದೋ ಆ ದಿನವನ್ನು ಹೊರಡುವ ಮೊದಲೇ ಕಂಡುಕೊಂಡರೆ ಕೆಲಸಕ್ಕೆ ಸೇರುವ ತಾರೀಖನ್ನು ಬದಲಿಸಲು, ಸ್ಥಳಾಂತರ ಭತ್ಯೆಯನ್ನು ಮುಂಗಡವಾಗಿ ಕೇಳಲು, ಠೇವಣಿಯನ್ನು ಎರಡು ಕಂತಿನಲ್ಲಿ ಕೊಡುವ ಮಾತಾಡಲು ಅವಕಾಶವಿರುತ್ತದೆ. ಅಂಥ ಮಾತು ಸಹಿಗೆ ಮುನ್ನ ಸುಲಭ, ಆಮೇಲೆ ಕಷ್ಟ. ಠೇವಣಿಯ ಹಣವನ್ನು ಖರ್ಚೆಂದು ಬರೆಯಬಾರದು, ಉಳಿತಾಯವೆಂದೂ ನೆಚ್ಚಿಕೊಳ್ಳಬಾರದು. ಅದು ಬೇರೆಯವರ ಕೈಯಲ್ಲಿ ಕಟ್ಟಿಹಾಕಿದ ಹಣ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಸ್ಥಿತಿಯನ್ನು ಫೋಟೊ ತೆಗೆದು ಮಾಲೀಕರಿಗೂ ಕಳಿಸಿಟ್ಟರೆ ಅದು ಇಡಿಯಾಗಿ ಮರಳುವ ಸಾಧ್ಯತೆ ಹೆಚ್ಚು.

ಮೂರನೆಯ ತಿಂಗಳಿನಿಂದ ಇನ್ನೊಂದು ಬಗೆಯ ಸೋರಿಕೆ ಕಾಣಿಸುತ್ತದೆ. ‘ಈ ತಿಂಗಳು ಒಂದು ವಿಶೇಷ ಖರ್ಚು ಬಂತು’ ಎನ್ನುವ ಮಾತು ಪ್ರತಿ ತಿಂಗಳೂ ಬಾಯಿಗೆ ಬರುತ್ತದೆ. ಕೆಲಸವೊಂದಕ್ಕೆ ಬೇಕಾಗುವ ಸಮಯವನ್ನೂ ಹಣವನ್ನೂ ಮನುಷ್ಯರು ತಮ್ಮದೇ ಹಿಂದಿನ ಅನುಭವವನ್ನು ಕಡೆಗಣಿಸಿ ಕಡಿಮೆಯಾಗಿಯೇ ಅಂದಾಜಿಸುತ್ತಾರೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲಿ ಈ ಒಲವನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದರು. ಇದಕ್ಕೆ ಮದ್ದು ಹಳೆಯ ಬ್ಯಾಂಕ್ ಲೆಕ್ಕಪಟ್ಟಿ. ಕಳೆದ ಹನ್ನೆರಡು ತಿಂಗಳ ಪಟ್ಟಿಯನ್ನು ತೆರೆದು ತಿಂಗಳಿಗೊಮ್ಮೆ ಬರದ ಖರ್ಚುಗಳನ್ನಷ್ಟೇ ಹೆಕ್ಕಿ: ವಿಮೆ 8, ಊರಿಗೆ ಎರಡು ಸಲ ಹೋಗಿಬಂದದ್ದು 12, ಹಲ್ಲಿನ ಚಿಕಿತ್ಸೆ 6, ಬಟ್ಟೆ 6, ಲ್ಯಾಪ್‌ಟಾಪ್ ರಿಪೇರಿ 4. ಒಟ್ಟು 36 ಪಾಲಾದರೆ ಅದನ್ನು 12ರಿಂದ ಭಾಗಿಸಿ, ತಿಂಗಳಿಗೆ 3 ಪಾಲನ್ನು ಬೇರೆ ಖಾತೆಗೆ ಹಾಕಿಬಿಡಬೇಕು. ಆಗ ಆ ಖರ್ಚುಗಳ ವಿಶೇಷತೆ ಹೋಗಿ ಅವು ಬಾಡಿಗೆಯಂತೆಯೇ ಗೊತ್ತಿರುವ ಅತಿಥಿಗಳಾಗುತ್ತವೆ. ಊರಿನಿಂದ ದೂರ ಸರಿದಷ್ಟೂ ಊರಿಗೆ ಬರುವ ಖರ್ಚು ಏರುವುದರಿಂದ ಆ ಸಾಲನ್ನು ಹಳೆಯ ಪಟ್ಟಿಯಲ್ಲಿದ್ದಂತೆ ಬಿಡದೆ ತಿದ್ದಬೇಕು.

ಅಗತ್ಯಕ್ಕೆ 50, ಇಷ್ಟಕ್ಕೆ 30, ಉಳಿತಾಯಕ್ಕೆ 20 ಎಂಬ ಸೂತ್ರವನ್ನು ಅಮೆರಿಕದ ಕಾನೂನು ಪ್ರಾಧ್ಯಾಪಕಿಯಾಗಿದ್ದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೆಲಿಯಾ ವಾರೆನ್ ತ್ಯಾಗಿ 2005ರಲ್ಲಿ ಜನಪ್ರಿಯಗೊಳಿಸಿದರು. ಸೂತ್ರ ಸರಳವಾಗಿದೆ, ಆದರೆ ಬಾಡಿಗೆಯೊಂದೇ 40 ಪಾಲು ನುಂಗುವ ನಗರದಲ್ಲಿ ಅಗತ್ಯವನ್ನು 50ರೊಳಗೆ ಹಿಡಿದಿಡುವುದು ಬಹುಮಂದಿಗೆ ಆಗದ ಮಾತು. ಆಗದೆಂದು ಕಂಡಾಗ ತಾವೇ ದುಂದುಗಾರರೆಂದು ಹಳಿದುಕೊಳ್ಳುವ ಯುವಜನರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಅವರ ಶಿಸ್ತಿನಲ್ಲಿಲ್ಲ, ಅಂಕಿಯನ್ನು ಎರವಲು ತಂದದ್ದರಲ್ಲಿದೆ. ಮೊದಲ ವರ್ಷ 65, 20, 15 ಎಂದಾದರೂ ಅದು ಉಸಿರಾಡಲು ಸಾಕಾಗುವ ಬಜೆಟ್ಟೇ. ಇಷ್ಟದ ಸಾಲನ್ನು ಸೊನ್ನೆ ಮಾಡುವ ಹಟ ಬೇಡ. ಹೊಸ ನಗರದಲ್ಲಿ ಗುರುತು ಪರಿಚಯ ಬೆಳೆಯುವುದು ಹೊರಗೆ ಕೂತು ಮಾತಾಡುವುದರಿಂದ, ಅದಕ್ಕೆ ಹಣ ಬೇಕು. ಒಂಟಿತನದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಕೊಂಡ ಸಾಮಾನಿಗೆ ಅದಕ್ಕಿಂತ ಹೆಚ್ಚು ಹಣ ಹೋಗುತ್ತದೆ.

ಮನೆಯವರಿಗೆ ಕಳಿಸುವ ಹಣದ ಬಗ್ಗೆ ಒಂದು ಮಾತು. ಸಂಬಳದ ದೊಡ್ಡ ಅಂಕಿ ಊರಿಗೆ ಬೇಗ ತಲುಪುತ್ತದೆ, ಬಾಡಿಗೆಯ ಅಂಕಿ ತಲುಪುವುದಿಲ್ಲ. ಹೊರಡುವ ಮೊದಲೇ ಈ ಹಾಳೆಯನ್ನು ಮನೆಯವರ ಮುಂದೆ ಹರಡಿ, ಕಳಿಸಬಹುದಾದ ಮೊತ್ತವನ್ನು ಒಟ್ಟಿಗೆ ಕೂತು ಗೊತ್ತುಮಾಡಿದರೆ ಇಬ್ಬರಿಗೂ ನೋವು ತಪ್ಪುತ್ತದೆ.

ಬರೆದ ಬಜೆಟ್ ಊಹೆಯೇ. ಅದನ್ನು ನಿಜವಾಗಿಸುವುದು ದಾಖಲೆ. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಪರಿಚಯಿಸಿದ ಕಕೇಬೊ ಎಂಬ ಮನೆವಾರ್ತೆಯ ಲೆಕ್ಕದ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಖರ್ಚನ್ನು ಕೈಯಾರೆ ಬರೆಯುವಾಗ ಅದರ ಬಗ್ಗೆ ಒಂದು ಕ್ಷಣ ಯೋಚಿಸಲೇಬೇಕಾಗುತ್ತದೆ ಎಂಬುದೇ ಅದರ ಬಲ. ಆಪ್ ಆಗಲಿ ನೋಟ್‌ಬುಕ್ ಆಗಲಿ, ಮೊದಲ ಮೂರು ತಿಂಗಳು ತಿಂಗಳ ಲೆಕ್ಕದ ಬದಲು ವಾರದ ಲೆಕ್ಕ ಇಡುವುದು ಮೇಲು. ಬಾಡಿಗೆಯಂಥ ಸ್ಥಿರ ಖರ್ಚುಗಳನ್ನು ಸಂಬಳ ಬಂದ ದಿನವೇ ತೆಗೆದಿಟ್ಟು, ಉಳಿದ ಹಣವನ್ನು ತಿಂಗಳ ವಾರಗಳಿಗೆ ಹಂಚಿಕೊಂಡರೆ, ಬುಧವಾರವೇ ಹಣ ಮುಗಿಯುತ್ತಾ ಬಂದದ್ದು ಬುಧವಾರವೇ ಗೊತ್ತಾಗುತ್ತದೆ, 27ನೇ ತಾರೀಖಿನವರೆಗೆ ಕಾಯಬೇಕಾಗುವುದಿಲ್ಲ. ನಾಲ್ಕನೆಯ ತಿಂಗಳ ಮೊದಲ ಭಾನುವಾರ ಹಳೆಯ ಬಜೆಟ್ಟನ್ನು ಪಕ್ಕಕ್ಕಿಟ್ಟು ನಿಜವಾದ ಅಂಕಿಗಳಿಂದ ಹೊಸದನ್ನು ಬರೆಯಬೇಕು.

ಹೊಸ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿರಬೇಕು, ಅದನ್ನು ಬರೆಯುವವರು ಅಪರೂಪ: ಹೊರಡುವ ಖರ್ಚು. ಕರಾರಿನ ನೋಟಿಸ್ ಅವಧಿಯ ಬಾಡಿಗೆ, ಸಾಮಾನು ಸಾಗಣೆ, ಪ್ರಯಾಣ, ಇನ್ನೊಂದು ಕಡೆ ನೆಲೆ ಸಿಗುವವರೆಗಿನ ಒಂದು ತಿಂಗಳ ಊಟ ಮತ್ತು ಔಷಧ, ಇಷ್ಟನ್ನು ಕೂಡಿಸಿದರೆ ಆ ಮೊತ್ತ ಬರುತ್ತದೆ. ತುರ್ತು ನಿಧಿಯನ್ನು ಆರು ತಿಂಗಳ ಖರ್ಚಿನಷ್ಟು ಬೆಳೆಸಲು ವರ್ಷಗಳೇ ಬೇಕಾಗಬಹುದು, ಆದರೆ ಈ ಮೊತ್ತವನ್ನು ಮೊದಲ ವರ್ಷದ ಉಳಿತಾಯದಲ್ಲೇ ಕೂಡಿಸಬಹುದು, ಮತ್ತು ಕೂಡಿಸಿದ ಮೇಲೆ ಬೇರೆ ಯಾವುದಕ್ಕೂ ಮುಟ್ಟದಂತೆ ಪ್ರತ್ಯೇಕ ಖಾತೆಯಲ್ಲಿಡಬೇಕು. ಹನ್ನೊಂದನೆಯ ತಿಂಗಳು ಮನೆಯ ಮಾಲೀಕರು ಬಾಡಿಗೆ ಏರಿಸುವ ಮಾತೆತ್ತಿದಾಗ ಎದುರು ಕುಳಿತವರ ಬಳಿ ಆ ಖಾತೆ ಇದ್ದರೆ, ‘ಇಷ್ಟಕ್ಕೆ ನನ್ನಿಂದಾಗುವುದಿಲ್ಲ’ ಎಂದು ಅವರು ನಿಜವಾಗಿಯೂ ಹೇಳಬಲ್ಲರು.